ಓದಲು ಸುಲಭ, ಆದರೆ ಅರ್ಥ ಆಯಿತಾ?

ಒಂಬತ್ತು ವರ್ಷದ ಹುಡುಗಿ ನನ್ನೆದುರು ಕೂತು, ಮಕ್ಕಳ ಮನಸ್ಸು ತಿಳಿಯಲು ನಾನು ಕೊಡುವ ಪ್ರಶ್ನಾವಳಿ ತುಂಬುತ್ತಿದ್ದಳು. ‘ಶಾಲೆಗೆ ಹೋಗಲು ನನಗೆ ಭಯವಿಲ್ಲ’ ಅನ್ನುವ ಸಾಲಿಗೆ ಬಂದಾಗ ಪೆನ್ಸಿಲ್ ನಿಂತಿತು. ‘ನಿಜ’ಕ್ಕೆ ಗುರುತು ಹಾಕಿದಳು, ಅಳಿಸಿದಳು. ‘ನಿಜ ಅಲ್ಲ’ಕ್ಕೆ ಹಾಕಿ ಮತ್ತೆ ಅಳಿಸಿದಳು. ಕೊನೆಗೆ, ‘ನಂಗೆ ಭಯ ಆಗುತ್ತೆ. ಅದಕ್ಕೆ ಯಾವ್ದು ಹಾಕ್ಬೇಕು?’ ಅಂತ ಕೇಳಿದಳು.

ಆ ಸಾಲು ಬರೆದವಳು ನಾನೇ. ನಾಲ್ಕೇ ಪದ. ಆದರೆ ‘ಇಲ್ಲ’ದ ಮೇಲೆ ‘ಅಲ್ಲ’ ಬಿದ್ದರೆ ಮಗು ಮನಸ್ಸಲ್ಲೇ ಲೆಕ್ಕ ಹಾಕಬೇಕು. ಅವಳು ಕೇಳದೇ ಇದ್ದಿದ್ದರೆ, ತಪ್ಪು ಗುರುತನ್ನೇ ಅವಳ ಮನಸ್ಸು ಅಂತ ನಂಬಿಬಿಡುತ್ತಿದ್ದೆ. ಅಲ್ಲೇ ಆ ಸಾಲನ್ನು ಹೊಡೆದುಹಾಕಿ ‘ಭಯ ಆಗುತ್ತದೆ’ ಅಂತ ಬರೆದೆ.

ಅಲ್ಲಿಯವರೆಗೂ ಬರಹ ಓದಲು ಎಷ್ಟು ಸುಲಭ ಅಂತ ಅಳೆಯುವ ಸೂತ್ರಗಳ ಮೇಲೆ ನನಗೆ ಜಾಸ್ತಿ ನಂಬಿಕೆ ಇತ್ತು. ಫ್ಲೆಶ್–ಕಿನ್‌ಕೇಡ್ ಸೂತ್ರ ನೋಡುವುದು ವಾಕ್ಯದ ಉದ್ದ, ಪದದ ಉದ್ದ, ಎರಡನ್ನೇ. ಅದೂ ಇಂಗ್ಲಿಷ್‌ಗೆ ಮಾಡಿದ್ದು. ಕನ್ನಡದಲ್ಲಿ ‘ಆಡಿಕೊಳ್ಳುತ್ತಾರೆ’ ಉದ್ದದ ಪದ, ಆದರೆ ಮಕ್ಕಳಿಗೆ ಚೆನ್ನಾಗಿ ಗೊತ್ತು. ‘ಖಿನ್ನತೆ’ ಪುಟ್ಟದು, ಗೊತ್ತೇ ಇರುವುದಿಲ್ಲ.

ಈಗ ಹೊಸ ಪ್ರಶ್ನೆ ಬರೆದರೆ ಮೊದಲು ಮಕ್ಕಳ ಜೊತೆ ಕೂರುತ್ತೇನೆ. ‘ಅರ್ಥ ಆಯ್ತಾ?’ ಅಂತ ಕೇಳುವುದಿಲ್ಲ, ಎಲ್ಲರೂ ಸುಮ್ನೆ ತಲೆ ಆಡಿಸುತ್ತಾರೆ. ‘ಇದನ್ನ ನಿನ್ನ ಗೆಳೆಯನಿಗೆ ಹೇಗೆ ಹೇಳ್ತೀಯಾ?’ ಅಂತ ಕೇಳುತ್ತೇನೆ. ‘ಬೇಜಾರು’ ಅನ್ನುವ ಪದ ಸಿಕ್ಕಿಬಿದ್ದದ್ದು ಹೀಗೇ. ಒಬ್ಬನಿಗೆ ಅದು ಆಡಲು ಯಾರೂ ಇಲ್ಲದಾಗಿನ ಬೇಸರ. ಇನ್ನೊಬ್ಬಳಿಗೆ ಅಳು ಬರುವ ದುಃಖ. ನನಗೆ ಬೇಕಿದ್ದದ್ದು ಎರಡನೆಯದು. ಹಾಗಾಗಿ ‘ಅಳು ಬರುವಷ್ಟು ಬೇಜಾರು’ ಅಂತ ತಿದ್ದಿದೆ.

ಮಗುವಿನ ಬಗ್ಗೆ ಪ್ರಶ್ನಾವಳಿ ತುಂಬುವ ದೊಡ್ಡವರಿಗೂ ಇದೇ ಕಷ್ಟ. ‘ಆಗಾಗ ಸಿಟ್ಟು ಮಾಡುತ್ತಾನೆ’ ಅಂದರೆ ಒಬ್ಬ ತಾಯಿಗೆ ವಾರಕ್ಕೆರಡು ಸಲ, ಅದೇ ಮಗುವಿನ ತಂದೆಗೆ ದಿನಾ. ಈಗ ‘ಕಳೆದ ಎರಡು ವಾರದಲ್ಲಿ ಎಷ್ಟು ದಿನ?’ ಅಂತ ಕೇಳುತ್ತೇನೆ. ‘ಕನ್ನಡಕ ಮರೆತು ಬಂದೆ’ ಅಂದವರಲ್ಲಿ ಕೆಲವರಿಗೆ ಓದು ಅಷ್ಟಾಗಿ ಬರುವುದಿಲ್ಲ. ಅವರಿಗೆ ಮುಜುಗರ ಆಗಬಾರದು ಅಲ್ವಾ? ಅದಕ್ಕೇ ಎಲ್ಲರಿಗೂ ನಾನೇ ಓದಿ ಹೇಳುತ್ತೇನೆ.

ಎಸ್‌ಡಿಕ್ಯೂ (ಮಕ್ಕಳ ನಡವಳಿಕೆ, ಭಾವನೆಗಳ ಬಗ್ಗೆ ಕೇಳುವ ಪ್ರಶ್ನಾವಳಿ) ಥರದ ಪ್ರಮಾಣಿತ ಪ್ರಶ್ನಾವಳಿಯ ಪದಗಳನ್ನು ಮಾತ್ರ ಬದಲಿಸುವುದಿಲ್ಲ. ಅದರ 25 ಸಾಲುಗಳ ಅಂಕ ಆ ಪದಗಳ ಮೇಲೇ ನಿಂತಿದೆ. 11 ವರ್ಷ ಆದವರು ಅದನ್ನು ತಾವೇ ತುಂಬಬಹುದು, ಆದರೆ ವಯಸ್ಸಿನ ಜೊತೆ ಓದು ಬಂದೇ ಇರುತ್ತದೆ ಅಂತಿಲ್ಲ. ಇದ್ದದ್ದನ್ನು ಇದ್ದ ಹಾಗೇ ಓದುತ್ತೇನೆ. ಮಗು ಎಲ್ಲಿ ತಡವರಿಸಿತು, ಏನು ಕೇಳಿತು ಅನ್ನುವುದನ್ನು ಅಂಕದ ಪಕ್ಕದಲ್ಲೇ ಬರೆದಿಡುತ್ತೇನೆ.