ಬೆಂಕಿಗೆ ಸಿಕ್ಕ ಮಸ್ಟಾಂಗ್: ಮನೆಯ ಗ್ಯಾರೇಜಿನಲ್ಲೇ ಮತ್ತೆ ರಸ್ತೆಗಿಳಿಸುವುದು ಹೇಗೆ?

ಹಳೆಯ ಅಮೆರಿಕನ್ ಕಾರುಗಳಿಗೆ ಬೆಂಕಿ ಬೀಳುವುದು ಹೆಚ್ಚಾಗಿ ಬಾನೆಟ್ಟಿನ ಅಡಿಯಲ್ಲೇ. ಕಾರ್ಬುರೇಟರಿಗೆ ಪೆಟ್ರೋಲ್ ತಲುಪಿಸುವ ಒಂದು ಗೇಣು ಉದ್ದದ ರಬ್ಬರ್ ಪೈಪು ವರ್ಷಗಳ ಬಿಸಿಗೆ ಬಿರುಕುಬಿಟ್ಟಿರುತ್ತದೆ. ಅದರಿಂದ ಜಿನುಗಿದ ಪೆಟ್ರೋಲಿಗೆ ಎಲ್ಲಿಂದಲೋ ಒಂದು ಕಿಡಿ ತಾಗಿದರೆ, ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಕಾರಿನ ಮುಂಭಾಗ ಕಪ್ಪಾಗಿರುತ್ತದೆ. ಅಂಥ ಕಾರನ್ನು ಗುಜರಿಗೆ ಹಾಕಬೇಕೆಂಬುದು ಮೊದಲ ನೋಟದ ತೀರ್ಮಾನ. ಆದರೆ ಬೆಂಕಿ ಎಲ್ಲಿಯವರೆಗೆ ಹೋಗಿತ್ತು, ಯಾವ ಲೋಹದ ಹದ ಕೆಡಿಸಿತು, ಯಾವುದನ್ನು ಮುಟ್ಟದೆ ಬಿಟ್ಟಿತು ಎಂಬುದನ್ನು ಸಮಾಧಾನದಿಂದ ಓದಿದರೆ, ಅಂಥ ಎಷ್ಟೋ ಕಾರುಗಳನ್ನು ಮನೆಯಲ್ಲಿಯೇ ಉಳಿಸಿಕೊಳ್ಳಬಹುದು. ನಾನು ಅಮೆರಿಕದ ಮಿಶಿಗನ್ನಿನಲ್ಲಿ ಮನೆಯ ಗ್ಯಾರೇಜಿನಲ್ಲಿ ದುರಸ್ತಿ ಮಾಡಿದ್ದು 1966ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್. ಆದ್ದರಿಂದ ಆ ಕಾರನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮಸ್ಟಾಂಗ್ ಇಂಥ ಕೆಲಸಕ್ಕೆ ಒದಗಿಬರಲು ಕಾರಣವಿದೆ. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವಮೇಳದಲ್ಲಿ ಬಿಡುಗಡೆಯಾದ ಈ ಕಾರು ಮೊದಲ ಹನ್ನೆರಡು ತಿಂಗಳಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಹಾಗಾಗಿ ಇಂದಿಗೂ ಇದರ ಬಾನೆಟ್, ಫೆಂಡರ್, ವೈರಿಂಗ್, ಸೀಟಿನ ಹೊದಿಕೆ ಎಲ್ಲವೂ ಹೊಸದಾಗಿ ತಯಾರಾಗಿ ಸಿಗುತ್ತವೆ. ಆದರೆ ಒಂದು ಮಾತು ನೆನಪಿರಲಿ: ಆ ಕಾಲದ ದೊಡ್ಡ ಅಮೆರಿಕನ್ ಕಾರುಗಳಲ್ಲಿ ಅನೇಕಕ್ಕೆ ಇದ್ದಂತೆ ಇದಕ್ಕೆ ಪ್ರತ್ಯೇಕ ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು ಇಲ್ಲ. ತಗಡಿನ ದೇಹವೇ ಅಸ್ಥಿಪಂಜರ. ತಗಡು ಸೊರಗಿದರೆ ಕಾರಿನ ಬಲವೂ ಸೊರಗುತ್ತದೆ.

ಕಾಗದಪತ್ರ, ಫೋಟೊ, ನಂಬರು

ಏನನ್ನೂ ಬಿಚ್ಚುವ ಮೊದಲು ಕಾರನ್ನು ಎಲ್ಲ ಬದಿಯಿಂದಲೂ ಫೋಟೊ ತೆಗೆಯಿರಿ. ಕರಗಿ ನೇತಾಡುವ ವೈರು, ಪೈಪಿನ ತುದಿ, ಮಸಿ ಹರಡಿದ ರೀತಿ ಎಲ್ಲವೂ ದಾಖಲಾಗಲಿ. ಕಾರಿನ ಗುರುತಿನ ನಂಬರನ್ನು (ರೂಢಿಯಲ್ಲಿ ಚಾಸಿ ನಂಬರು) ಮಸ್ಟಾಂಗಿನಲ್ಲಿ ಚಾಲಕನ ಬದಿಯ ಮುಂದಿನ ಒಳ ಫೆಂಡರಿನ ತಗಡಿನ ಮೇಲೆ ಒತ್ತಿರುತ್ತಾರೆ, ಅಂದರೆ ಬೆಂಕಿ ಹೆಚ್ಚು ತಾಗುವ ಜಾಗದಲ್ಲೇ. ಅದು ‘6ಎಫ್07ಸಿ’ ಎಂದು ಆರಂಭವಾದರೆ 1966ರ ಮಾದರಿ, ಡಿಯರ್‌ಬಾರ್ನ್ ಕಾರ್ಖಾನೆ, ಹಾರ್ಡ್‌ಟಾಪ್ ದೇಹ, ಎರಡು ಬ್ಯಾರೆಲ್ ಕಾರ್ಬುರೇಟರಿನ 289 ಘನ ಇಂಚಿನ ವಿ8 ಎಂಜಿನ್ ಎಂದರ್ಥ. ಮಸಿಯನ್ನು ಮೆದುವಾದ ಬ್ರಷ್ಷಿನಿಂದಲೇ ತೆಗೆಯಬೇಕು. ಆ ತುಂಡನ್ನು ಕತ್ತರಿಸಿ ಬೇರೆ ದೇಹಕ್ಕೆ ಬೆಸೆಯುವ ಯೋಚನೆಯನ್ನು ಮಾತ್ರ ಖಂಡಿತ ಮಾಡಬಾರದು. ಚಾಸಿ ನಂಬರನ್ನು ಕಿತ್ತು ತೆಗೆಯುವುದು, ತಿದ್ದುವುದು ಅಮೆರಿಕದ ಫೆಡರಲ್ ಕಾನೂನಿನಡಿ ಅಪರಾಧ. ವಿಮಾ ಕಂಪನಿ ಕಾರನ್ನು ಪೂರ್ಣ ನಷ್ಟವೆಂದು ಬರೆದಿದ್ದರೆ ಅದರ ಮಾಲೀಕತ್ವದ ಪತ್ರದಲ್ಲಿ ‘ಸಾಲ್ವೇಜ್’ ಎಂಬ ಮುದ್ರೆ ಬಿದ್ದಿರುತ್ತದೆ. ದುರಸ್ತಿಯ ನಂತರ ತಪಾಸಣೆಗೆ ಬಿಡಿಭಾಗಗಳ ರಸೀದಿ ಕೇಳುವುದುಂಟು, ಮೊದಲ ದಿನದಿಂದಲೇ ಕೂಡಿಡಿ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಹಣ ಸುರಿಯುವ ಮುನ್ನ ನಿಮ್ಮ ರಾಜ್ಯದ ವಾಹನ ನೋಂದಣಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಬೆಂಕಿಯನ್ನು ಓದುವುದು

ಇಡೀ ಕೆಲಸದ ತಿರುಳು ಇದೇ. ಸುಟ್ಟ ಕಾರಿನೊಳಗೆ ತಾಪಮಾಪಕಗಳು ತಾವಾಗಿಯೇ ಇರುತ್ತವೆ. ಯಾವುದು ಕರಗಿದೆ, ಯಾವುದು ಕರಗದೆ ಉಳಿದಿದೆ ಎಂದು ನೋಡಿದರೆ ಅಲ್ಲಿ ಎಷ್ಟು ಬಿಸಿಯಾಗಿತ್ತು ಎಂದು ತಿಳಿಯುತ್ತದೆ. ಚಾವಣಿ ಮತ್ತು ಹಿಂದಿನ ಫೆಂಡರ್ ಕೂಡುವ ಸಂದಿಗೆ ಕಾರ್ಖಾನೆಯಲ್ಲೇ ಸೀಸ-ತವರದ ಬೆಸುಗೆ ತುಂಬಿರುತ್ತಾರೆ, ಅದು 183 ಡಿಗ್ರಿ ಸೆಲ್ಸಿಯಸ್‌ನಿಂದಲೇ ಮೆತ್ತಗಾಗಲು ಶುರುವಾಗುತ್ತದೆ. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಕಾರ್ಬುರೇಟರ್ ಸುಮಾರು 385 ಡಿಗ್ರಿಗೆ ಕರಗುತ್ತದೆ. ಶುದ್ಧ ಅಲ್ಯೂಮಿನಿಯಂ 660ಕ್ಕೆ ಕರಗಿದರೆ, ಎಂಜಿನ್ನಿನ ಟೈಮಿಂಗ್ ಕವರ್ (ಮುಂಬದಿಯ ಮುಚ್ಚಳ), ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕವಚಗಳ ಮಿಶ್ರಲೋಹ ಅದಕ್ಕೂ ಮೊದಲೇ ಸೋಲುತ್ತದೆ. ತಾಮ್ರಕ್ಕೆ 1,085 ಡಿಗ್ರಿ ಬೇಕು. ಕಾರ್ಬುರೇಟರ್ ಕರಗಿ ಟೈಮಿಂಗ್ ಕವರ್ ನೆಟ್ಟಗಿದ್ದರೆ ಎಂಜಿನ್ನಿನ ಎರಕದ ಕಬ್ಬಿಣಕ್ಕೆ ಧಕ್ಕೆಯಾಗಿರುವ ಸಂಭವ ಕಡಿಮೆ. ಟೈಮಿಂಗ್ ಕವರೂ ಇಳಿದುಹೋಗಿದ್ದರೆ ಲೆಕ್ಕವೇ ಬೇರೆ.

ಉಕ್ಕು ಕರಗುವುದಿಲ್ಲ, ಆದರೆ ಅದರ ಹದ ಹೋಗುತ್ತದೆ. ಕುಲುಮೆಯಲ್ಲಿ ಕಾಯಿಸಿದ ಕುಡುಗೋಲನ್ನು ಹಾಗೆಯೇ ಆರಲು ಬಿಟ್ಟರೆ ಅಲಗು ಮೆತ್ತಗಾಗುತ್ತದೆ ಎಂಬುದು ಹಳ್ಳಿಯ ಕಮ್ಮಾರರಿಗೆಲ್ಲ ಗೊತ್ತಿರುವ ಸಂಗತಿ. ಅಚ್ಚಿಗೆ ಹಾಕಿ ಒತ್ತಿದ ಕಾರಿನ ತಗಡಿಗೂ ಒಂದು ಬಿಗುವಿರುತ್ತದೆ, 600 ಡಿಗ್ರಿ ದಾಟಿ ತಣಿದ ಮೇಲೆ ಆ ಬಿಗುವು ಉಳಿಯುವುದಿಲ್ಲ. ಬಾನೆಟ್ಟಿನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಎಣ್ಣೆ ಡಬ್ಬಿಯ ಮುಚ್ಚಳದಂತೆ ‘ಟಕ್’ ಎಂದು ಒಳಗೆ ಹೋಗಿ ಮತ್ತೆ ಹೊರಗೆ ಚಿಮ್ಮಿದರೆ ತಗಡು ಹಿಗ್ಗಿ ಸಡಿಲವಾಗಿದೆ ಎಂದು ತಿಳಿಯಿರಿ. ಬಾನೆಟ್ಟಾದರೆ ಹೊಸದು ತರಬಹುದು, ಚಾವಣಿ ಹೀಗಾಗಿದ್ದರೆ ಮನೆಯಲ್ಲಿ ಅದನ್ನು ಸರಿಪಡಿಸುವುದು ಬಹಳ ಕಷ್ಟ. ಬೆಂಕಿ ಚಾವಣಿಗೂ ಮುಂದಿನ ಎರಡು ಶಾಕ್ ಟವರುಗಳಿಗೂ (ಮುಂದಿನ ಸಸ್ಪೆನ್ಷನ್ ಹೊರುವ ತಗಡಿನ ಗೂಡುಗಳಿಗೂ) ಒಟ್ಟಿಗೆ ತಾಗಿರುವ ಕಾರನ್ನು ಹವ್ಯಾಸಿಗಳು ಕೈಬಿಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಂಜಿನ್ ಕೋಣೆಯ ಕರ್ಣಗಳನ್ನು ಟೇಪಿನಿಂದ ಅಳೆಯಿರಿ, ಎಡ-ಬಲ ಹೋಲಿಸಿ, ಫೋರ್ಡಿನ ಆ ವರ್ಷದ ಶಾಪ್ ಮ್ಯಾನ್ಯುಯಲ್ಲಿನಲ್ಲಿರುವ ಅಳತೆಗಳೊಂದಿಗೆ ತಾಳೆ ನೋಡಿ. ಸ್ಪ್ರಿಂಗುಗಳ ವಿಷಯದಲ್ಲಿ ಮಾತ್ರ ಪರೀಕ್ಷೆಯೇ ಬೇಡ. ಮಸ್ಟಾಂಗಿನ ಮುಂದಿನ ಕಾಯಿಲ್ ಸ್ಪ್ರಿಂಗುಗಳು ಶಾಕ್ ಟವರಿನೊಳಗೆ, ಎಂಜಿನ್ನಿನ ಮಗ್ಗುಲಲ್ಲೇ ಇರುತ್ತವೆ. ಬೆಂಕಿ ಅಲ್ಲಿಗೆ ಮುಟ್ಟಿದ್ದರೆ ಅವುಗಳನ್ನೂ ಬಾನೆಟ್ಟಿನ ಸ್ಪ್ರಿಂಗುಗಳನ್ನೂ ಸಸ್ಪೆನ್ಷನ್ನಿನ ಗಟ್ಟಿ ಬೋಲ್ಟುಗಳನ್ನೂ ಬದಲಿಸಿಬಿಡಿ. ಸೀಟ್ ಬೆಲ್ಟುಗಳು ಬರಿಯ ಹೊಗೆ ಕುಡಿದಿದ್ದರೂ ಉಳಿಸಿಕೊಳ್ಳಬೇಡಿ.

ಮೊದಲು ತೊಳೆಯಿರಿ

ಬೆಂಕಿ ಆರಿದ ಮೇಲೂ ಹಾನಿ ನಿಲ್ಲುವುದಿಲ್ಲ. ವೈರಿನ ಪಿವಿಸಿ ಹೊದಿಕೆ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಅದು ತೇವದೊಂದಿಗೆ ಸೇರಿ ಆಮ್ಲವಾಗಿ ಬಣ್ಣ ಸುಟ್ಟುಹೋದ ತಗಡಿನ ಮೇಲೆ ಕೂರುತ್ತದೆ. ಅಗ್ನಿಶಾಮಕ ಸಿಲಿಂಡರಿನ ಹಳದಿ ಪುಡಿಯೂ ಅಷ್ಟೇ: ಸಾಮಾನ್ಯ ಎಬಿಸಿ ಪುಡಿಯಲ್ಲಿರುವ ಮೋನೊಅಮೋನಿಯಂ ಫಾಸ್ಫೇಟ್ ತೇವ ಹೀರಿ ಲೋಹವನ್ನು ತಿನ್ನುತ್ತದೆ. ನಾನು ಈ ಮಾತನ್ನು ಲಘುವಾಗಿ ತೆಗೆದುಕೊಂಡು, ಚಳಿಗಾಲ ಕಳೆಯಲಿ ಎಂದು ಕಾರನ್ನು ಹಾಗೆಯೇ ಮುಚ್ಚಿಟ್ಟೆ. ವಸಂತದಲ್ಲಿ ಹೊದಿಕೆ ತೆಗೆದಾಗ, ಬೆಂಕಿಗೂ ಜಗ್ಗದಿದ್ದ ಟೈಮಿಂಗ್ ಕವರಿನ ಮೇಲೆ ಬಿಳಿ ಹೂವಿನಂತೆ ತುಕ್ಕು ಅರಳಿತ್ತು. ಅದನ್ನು ಕೆರೆದಾಗ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಗುಂಡಿಗಳು ಕಂಡವು, ಆ ಕವರನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಆದ್ದರಿಂದ ಫೋಟೊ ಮುಗಿದ ಮರುದಿನವೇ ಬ್ಯಾಟರಿ ತೆಗೆದು, ಒಣ ಪುಡಿಯನ್ನು ವ್ಯಾಕ್ಯೂಮಿನಿಂದ ಎಳೆದು, ಅಡಿಗೆ ಸೋಡಾ ಕದಡಿದ ನೀರಿನಿಂದ ತಗಡನ್ನೆಲ್ಲ ತೊಳೆದು, ಶುದ್ಧ ನೀರು ಹಾಯಿಸಿ, ಬೀಸುಗಾಳಿಯಲ್ಲಿ ಪೂರ್ತಿ ಒಣಗಿಸಬೇಕು. ಇದನ್ನು ಮಾಡುವಾಗ ದಪ್ಪ ನಿಯೋಪ್ರೀನ್ ಗ್ಲೌಸು, ಕನ್ನಡಕ, ರೆಸ್ಪಿರೇಟರ್ ಇರಲೇಬೇಕು. ಹಿಂದಿನ ಮಾಲೀಕರು ಯಾವಾಗಲೋ ಹಾಕಿದ ಹೊಸ ಕಾಲದ ಫ್ಲೋರಿನ್ ರಬ್ಬರಿನ ಸೀಲುಗಳು ಸುಟ್ಟಿದ್ದರೆ ಅಲ್ಲಿ ಡಾಂಬರಿನಂತೆ ಅಂಟುವ ಕಪ್ಪು ಪದಾರ್ಥ ಉಳಿಯುತ್ತದೆ. ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರಬಹುದು, ಚರ್ಮದ ಮೂಲಕ ಇಳಿದು ಮೂಳೆಯವರೆಗೂ ಹೋಗುವ ಆಮ್ಲ ಅದು. ಬರಿಗೈಯಲ್ಲಿ ಮುಟ್ಟಬೇಡಿ. ಆ ಕಾಲದ ಬ್ರೇಕ್ ಶೂ, ಕ್ಲಚ್ ಪ್ಲೇಟು, ಗ್ಯಾಸ್ಕೆಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅವುಗಳ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಮಾಡಿ ಒರೆಸಬೇಕು.

ವಿಂಡ್‌ಶೀಲ್ಡಿನ ಮುಂದಿನ ಜಾಲರಿಯ ಕೆಳಗೆ ಎರಡು ಪದರ ತಗಡಿನ ಪೆಟ್ಟಿಗೆಯಂಥ ಜಾಗವಿದೆ. ಬೂದಿ, ಪುಡಿ, ನೀರು ಎಲ್ಲವೂ ಅಲ್ಲಿ ಇಳಿದು ಕೂರುತ್ತವೆ. ಬೆಂಕಿ ಬೀಳದ ಮಸ್ಟಾಂಗುಗಳಲ್ಲೂ ತುಕ್ಕಿಗೆ ಹೆಸರಾದ ಜಾಗವಿದು. ತೊಳೆದ ಮೇಲೆ ಜಾಲರಿಗೆ ಒಂದು ಬಕೆಟ್ ನೀರು ಸುರಿದು, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಮಲಗಿ ಟಾರ್ಚ್ ಹಿಡಿದು ನೋಡಿ. ಹನಿ ಬಿದ್ದರೆ ಆ ಪೆಟ್ಟಿಗೆಯನ್ನು ಬಿಚ್ಚಿ ಬೆಸೆಯುವ ಕೆಲಸ ನಿಮ್ಮ ಪಟ್ಟಿಗೆ ಸೇರಿತು ಎಂದೇ ಅರ್ಥ.

ಕಾರಣ ಸಿಗದೆ ದುರಸ್ತಿ ಬೇಡ

ಬೆಂಕಿ ಹುಟ್ಟಿದ್ದು ಪೆಟ್ರೋಲಿನಿಂದಲೋ ವೈರಿನಿಂದಲೋ ಎಂಬುದು ಗೊತ್ತಾಗಬೇಕು. ಬೆಂಕಿಯಿಂದ ದೂರವಿದ್ದ ವೈರಿನ ಹೊದಿಕೆಯನ್ನು ಸ್ವಲ್ಪ ಸುಲಿಯಿರಿ. ಒಳಗಿನ ತಾಮ್ರ ಹೊಳೆಯುತ್ತಿದ್ದರೆ ಆ ವೈರು ನಿರಪರಾಧಿ ಇರಬಹುದು. ಹೊರಗೆ ಚೆನ್ನಾಗಿದ್ದು ಒಳಗೆ ತಾಮ್ರ ಕಪ್ಪಾಗಿದ್ದರೆ ಮಿತಿಮೀರಿದ ಕರೆಂಟು ಹರಿದಿರಬಹುದು. ಸುತ್ತಲಿನ ಅಲ್ಯೂಮಿನಿಯಂ ಕೂಡ ಕರಗದ ಜಾಗದಲ್ಲಿ ತಾಮ್ರದ ಎಳೆಯ ತುದಿ ಮಣಿಯಂತೆ ಗುಂಡಗಾಗಿದ್ದರೆ ಅಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿತ್ತೆಂಬ ಬಲವಾದ ಸುಳಿವು ಅದು. ಆದರೂ ಬೆಂಕಿಯೇ ಹೊದಿಕೆಯನ್ನು ಸುಟ್ಟು ಆಮೇಲೆ ಶಾರ್ಟ್ ಮಾಡಿರಬಹುದು, ಹಾಗಾಗಿ ಒಂದೇ ಗುರುತನ್ನು ನಂಬಿ ತೀರ್ಮಾನಿಸಬೇಡಿ.

ತಗಡು ಮತ್ತು ಬೆಸುಗೆ

ವೆಲ್ಡಿಂಗ್ ಶುರುವಾಗುವ ಮುನ್ನ ಪೆಟ್ರೋಲ್ ಟ್ಯಾಂಕು ಕಾರಿನಿಂದ ಇಳಿದು ಗ್ಯಾರೇಜಿನಿಂದ ಹೊರಗಿರಬೇಕು. ಮಸ್ಟಾಂಗಿನಲ್ಲಿ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ, ಡಿಕ್ಕಿಯೊಳಗಿನ ಸ್ಕ್ರೂಗಳನ್ನು ಬಿಚ್ಚಿದರೆ ಮೇಲಕ್ಕೇ ಎತ್ತಬಹುದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ತಗಡಿಗೆ ವೆಲ್ಡಿಂಗ್ ಹಚ್ಚಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟುತ್ತದೆ, ಆ ಡಬ್ಬಿಗಳನ್ನು ಗ್ಯಾರೇಜಿನಲ್ಲೇ ಇಡಬೇಡಿ.

ಉಳಿದ ಬಣ್ಣ ತೆಗೆಯಲು ಮರಳು ಹೊಡೆಯುವ ಯಂತ್ರವನ್ನು ಚಪ್ಪಟೆ ತಗಡಿನ ಮೇಲೆ ಬಳಸಿದರೆ ಅದು ಇನ್ನಷ್ಟು ಸೊಟ್ಟಗಾಗುತ್ತದೆ, ಮರಳಿನ ಸಿಲಿಕಾ ಧೂಳು ಶ್ವಾಸಕೋಶಕ್ಕೂ ಕೇಡು. ಕಡಿಮೆ ಒತ್ತಡದಲ್ಲಿ ಪ್ಲಾಸ್ಟಿಕ್ ಅಥವಾ ಗಾಜಿನ ಪುಡಿ ಹೊಡೆಯಿರಿ. ಬರಿ ತಗಡು ಕಂಡ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ತಗಡು ಜೋಡಿಸಲು 0.6 ಮಿ.ಮೀ. ತಂತಿಯ ಮಿಗ್ ವೆಲ್ಡರ್, ಶೇ 75 ಆರ್ಗಾನ್ ಮತ್ತು ಶೇ 25 ಇಂಗಾಲದ ಡೈಆಕ್ಸೈಡ್ ಮಿಶ್ರಣ ಸಾಕು. ಒಂದೇ ಗೆರೆ ಎಳೆಯದೆ, ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟು, ಪ್ರತಿ ಚುಕ್ಕೆ ಕೈಗೆ ತಣ್ಣಗಾಗುವವರೆಗೆ ಕಾಯಬೇಕು. ಆ ದಿನದ ವೆಲ್ಡಿಂಗ್ ಮುಗಿದ ಮೇಲೂ ಒಂದು ಗಂಟೆ ಗ್ಯಾರೇಜು ಬಿಟ್ಟು ಹೋಗಬೇಡಿ.

ಎಂಜಿನ್

ಕಾರ್ಬುರೇಟರ್ ಕರಗಿದಾಗ ಸತುವು ಅದರ ಅಡಿಯಲ್ಲಿರುವ ಇಂಟೇಕ್ ಮ್ಯಾನಿಫೋಲ್ಡಿನೊಳಕ್ಕೆ, ಅಂದರೆ ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಹಂಚುವ ಕೊಳವೆಗಳೊಳಕ್ಕೆ ಹನಿಯುತ್ತದೆ. ಅದೇ ಬಾಯಿಯಿಂದ ಅಗ್ನಿಶಾಮಕದವರು ಹೊಡೆದ ನೀರೂ ಇಳಿಯುತ್ತದೆ. ಆದ್ದರಿಂದ ತಿರುಗುತ್ತದೆಯೇ ನೋಡೋಣ ಎಂದು ಸ್ಟಾರ್ಟರ್ ಕೊಟ್ಟರೆ ಇದ್ದ ಎಂಜಿನ್ನೂ ಕೆಡುತ್ತದೆ. ಮೊದಲು ಮ್ಯಾನಿಫೋಲ್ಡ್ ಬಿಚ್ಚಿ, ಲೋಹದ ಹನಿಗಳನ್ನು ಆರಿಸಿ ತೆಗೆಯಿರಿ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಸಿಲಿಂಡರುಗಳಿಗೆ ತೆಳ್ಳನೆಯ ಎಣ್ಣೆ ಹಾಕಿ ಎರಡು ದಿನ ಬಿಡಿ. ನಂತರ ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ 15/16 ಇಂಚಿನ ಸಾಕೆಟ್ ಹಾಕಿ ಕೈಯಿಂದಲೇ ತಿರುಗಿಸಿ. ಸಿಲಿಂಡರ್ ಹೆಡ್ಡುಗಳನ್ನು ಇಳಿಸಿ ನೇರಪಟ್ಟಿ ಇಟ್ಟು ನೋಡಿದಾಗ ಆರು ಇಂಚಿನಲ್ಲಿ 0.003 ಇಂಚಿಗಿಂತ ಹೆಚ್ಚು ಡೊಂಕಿದ್ದರೆ ಮಷಿನ್ ಶಾಪಿಗೆ ಒಯ್ಯಬೇಕು. ಮರಳಿ ಕೂರಿಸುವಾಗ ಹೆಡ್ ಬೋಲ್ಟುಗಳನ್ನು ಹಂತಹಂತವಾಗಿ 65ರಿಂದ 72 ಅಡಿ-ಪೌಂಡಿಗೆ ಬಿಗಿಯಬೇಕು. ಸಿಲಿಂಡರುಗಳಿಗೆ ಕಿಡಿ ತಲುಪುವ ಸರದಿ, ಅಂದರೆ ಫೈರಿಂಗ್ ಕ್ರಮ 1-5-4-2-6-3-7-8. ರಬ್ಬರ್ ಮತ್ತು ಕಾರ್ಕಿನ ಸೀಲುಗಳು ಹೊರಗಿನಿಂದ ಚೆನ್ನಾಗಿ ಕಂಡರೂ ಎಲ್ಲವನ್ನೂ ಬದಲಿಸಿ.

ವೈರಿಂಗ್, ಪೆಟ್ರೋಲ್, ಬ್ರೇಕ್

ವೈರಿಂಗಿಗೆ ತೇಪೆ ಹಚ್ಚಬೇಡಿ. ಹೆಡ್‌ಲೈಟು, ಎಂಜಿನ್, ಡ್ಯಾಶ್‌ಬೋರ್ಡಿನ ಅಡಿ ಮೂರೂ ಕಡೆಯ ಹೊಸ ಕಟ್ಟುಗಳು ಮೂಲ ಬಣ್ಣಗಳಲ್ಲೇ ಸಿಗುತ್ತವೆ. ಮೂಲ ವಿನ್ಯಾಸದಲ್ಲಿ ಫ್ಯೂಸಿನ ರಕ್ಷಣೆ ತೀರ ಕಡಿಮೆ, ಹಾಗಾಗಿ ಬ್ಯಾಟರಿಯಿಂದ ಹೊರಡುವ ಮುಖ್ಯ ವೈರಿಗೆ ಒಂದು ದೊಡ್ಡ ಫ್ಯೂಸನ್ನೂ ಬ್ಯಾಟರಿಗೆ ಕಟ್-ಆಫ್ ಸ್ವಿಚ್ಚನ್ನೂ ಸೇರಿಸಿ. ಮೂಲಕ್ಕೆ ನಿಷ್ಠರಾದವರು ಇದನ್ನು ಒಪ್ಪಲಿಕ್ಕಿಲ್ಲ, ಒಮ್ಮೆ ಸುಟ್ಟ ಕಾರಿಗೆ ಇದು ಬೇಕೇಬೇಕು ಎಂಬುದು ನನ್ನ ನಿಲುವು.

ಇಂದಿನ ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಎಥನಾಲ್ ಇರುತ್ತದೆ. 1960ರ ದಶಕದ ರಬ್ಬರು ಅದಕ್ಕಾಗಿ ಮಾಡಿದ್ದಲ್ಲ, ಅದರಲ್ಲಿ ನೆಂದು ಮೆತ್ತಗಾಗಿ ಬಿರಿಯುತ್ತದೆ. ಅದನ್ನು ತಾಳುವ, ‘30ಆರ್9’ ಎಂದು ಅಚ್ಚಾಗಿರುವ ಪೈಪನ್ನೇ ಕೇಳಿ ತನ್ನಿ. ಗಾಜಿನ ಪೆಟ್ರೋಲ್ ಫಿಲ್ಟರ್ ಚೆಂದ ಕಂಡರೂ ಎಂಜಿನ್ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ, ಲೋಹದ್ದು ಹಾಕಿ. ಬ್ರೇಕಿನ ಎಲ್ಲ ಪೈಪುಗಳು, ಹೋಸುಗಳು, ವೀಲ್ ಸಿಲಿಂಡರುಗಳು ಹೊಸದಾಗಬೇಕು. 1966ರವರೆಗೆ ಮಸ್ಟಾಂಗಿಗೆ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಭಾಗ) ಇತ್ತು, ಒಂದು ಪೈಪು ಒಡೆದರೆ ನಾಲ್ಕೂ ಬ್ರೇಕು ಹೋಗುತ್ತಿದ್ದವು. 1967ರ ಮಾದರಿಗೆ ಬಂದ ಎರಡು ಕೋಣೆಯದನ್ನು ಈ ಸಂದರ್ಭದಲ್ಲೇ ಹಾಕಿಸಿಕೊಳ್ಳಿ.

ಬಣ್ಣ ಹೊಡೆಯುವುದನ್ನು ಹೊರಗೆ ಕೊಡುವುದೇ ಲೇಸು. ಗಟ್ಟಿಕಾರಕ ಬೆರೆಸುವ ಇಂದಿನ ಬಣ್ಣಗಳಲ್ಲಿ ಐಸೊಸಯನೇಟ್ ಇದ್ದು, ಹೊರಗಿನ ಗಾಳಿ ಪೂರೈಸುವ ಮುಖಗವಸು ಬೇಕಾಗುತ್ತದೆ. ಸೀಟಿನ ಸ್ಪಂಜು, ಕಾರ್ಪೆಟ್, ಒಳಚಾವಣಿಯ ಬಟ್ಟೆಗಳಿಂದ ಹೊಗೆಯ ವಾಸನೆ ಬಿಡಿಸುವುದು ಆಗದ ಮಾತು, ಹೊಸದು ಹಾಕಿ. ಹೀಟರ್ ಪೆಟ್ಟಿಗೆ ಬಿಚ್ಚಿ ತೊಳೆಯದಿದ್ದರೆ ಮೊದಲ ಚಳಿಗೆ ಆ ವಾಸನೆ ಮರಳುತ್ತದೆ.

ಮೊದಲ ಸ್ಟಾರ್ಟ್

ಕಾರನ್ನು ಗ್ಯಾರೇಜಿನಿಂದ ಹೊರಗೆ ತಳ್ಳಿ, ಬಾನೆಟ್ ಇಲ್ಲದೆಯೇ ಸ್ಟಾರ್ಟ್ ಮಾಡಿ. ಜೊತೆಗೊಬ್ಬರು ಅಗ್ನಿಶಾಮಕ ಸಿಲಿಂಡರ್ ಹಿಡಿದು ನಿಂತಿರಲಿ, ಮತ್ತೊಂದು ಕೈ ಬ್ಯಾಟರಿಯ ಕಟ್-ಆಫ್ ಸ್ವಿಚ್ಚಿನ ಮೇಲಿರಲಿ. ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿ, ಪೂರ್ತಿ ತಣಿದ ಮೇಲೆ ಪೆಟ್ರೋಲ್ ಪೈಪಿನ ಪ್ರತಿ ಕೂಡುಗೆಗೂ ಬಿಳಿ ಟಿಶ್ಯೂ ಕಾಗದ ಸುತ್ತಿ ಒತ್ತಿ ನೋಡಿ. ಎಲ್ಲಾದರೂ ಒದ್ದೆ ಕಂಡರೆ ಆ ಕ್ಲ್ಯಾಂಪು ಬಿಚ್ಚಿ ಮತ್ತೆ ಕೂರಿಸಿ, ಇನ್ನೊಮ್ಮೆ ಓಡಿಸಿ. ನಾನು ಮೂರನೆಯ ಸಲಕ್ಕೆ ಒಂಬತ್ತೂ ಕಾಗದಗಳನ್ನು ಒಣಗಿದ್ದಂತೆಯೇ ಬಿಚ್ಚಿಕೊಂಡೆ, ಬಾನೆಟ್ ಕೂರಿಸಿದ್ದು ಆಮೇಲೆ.