ವಾಯ್ಸ್‌ಓವರ್‌ನಲ್ಲಿ ಕೋಣೆಯ ಪ್ರತಿಧ್ವನಿ: ನನ್ನ ಅನುಭವ

ಚಿಕ್ಕಮಗಳೂರಿನ ಮನೆಯಲ್ಲಿ 10×10 ಅಡಿ ಕೋಣೆ. ಆರ್‌ಸಿಸಿ ತಾರಸಿ, ಟೈಲ್ಸ್ ನೆಲ, ಬರಿಗೋಡೆ. ಅಲ್ಲಿ ವಾಯ್ಸ್‌ಓವರ್‌ಗೆ (ವಿಡಿಯೊದ ಹಿನ್ನೆಲೆ ಮಾತಿಗೆ) ರೆಕಾರ್ಡ್ ಮಾಡಿದ ದನಿ ಬಚ್ಚಲುಮನೆಯಲ್ಲಿ ಮಾತಾಡಿದ ಹಾಗೆ ಕೇಳುತ್ತಿತ್ತು.

ಗೋಡೆಗೆ ಅಂಟಿಸಿದ ಮೊಟ್ಟೆ ಟ್ರೇಯಿಂದ ಪ್ರಯೋಜನವಾಗಲಿಲ್ಲ. ಆ ರಟ್ಟು ತೀರಾ ತೆಳು. ಕಾಫಿ ಗೋಣಿಚೀಲ ಒಂದೇ ಪದರ ಕಟ್ಟಿದರೂ ಅಷ್ಟೇ. ಆಡಾಸಿಟಿ ಎಂಬ ಆಡಿಯೊ ಎಡಿಟಿಂಗ್ ತಂತ್ರಾಂಶದ ನಾಯ್ಸ್ ರಿಡಕ್ಷನ್ (ಹಿನ್ನೆಲೆ ಸದ್ದು ತಗ್ಗಿಸುವ ಸೌಲಭ್ಯ) ಫ್ಯಾನಿನಂಥ ಒಂದೇ ಸಮನಾದ ಸದ್ದಿಗೆ ಸರಿ. ಪ್ರತಿಧ್ವನಿ ಮಾತಿನ ಜೊತೆಗೇ ಬದಲಾಗುವುದರಿಂದ ಅದಕ್ಕೆ ಸಿಗುವುದಿಲ್ಲ, ದನಿಯೇ ಕೆಡುತ್ತದೆ. ನಾಯ್ಸ್ ಗೇಟ್ (ಒಂದು ಮಟ್ಟಕ್ಕಿಂತ ಕಡಿಮೆಯ ಸದ್ದನ್ನು ಮುಚ್ಚುವ ಸೌಲಭ್ಯ) ವಾಕ್ಯಗಳ ನಡುವಿನದನ್ನಷ್ಟೇ ಕತ್ತರಿಸುತ್ತದೆ.

ಸರಿಹೋದದ್ದು ಸದ್ದು ಹೀರುವ ಹೊದಿಕೆಯ ಜಾಗ ಬದಲಿಸಿದಾಗ. ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕ್ ತನ್ನ ಬೆನ್ನ ಕಡೆಯ ಸದ್ದನ್ನು ತಾನೇ ತಗ್ಗಿಸುತ್ತದೆ. ಅದರ ಮುಖ ಇರುವುದು ನಮ್ಮ ಕಡೆಗೆ, ಅಂದರೆ ನಮ್ಮ ಬೆನ್ನ ಹಿಂದಿನ ಗೋಡೆಯ ಕಡೆಗೆ. ದಪ್ಪ ಉಣ್ಣೆ ಕಂಬಳಿಗಳನ್ನು ಎರಡು ಮಡಿಕೆ ಮಾಡಿ, ಹಗ್ಗಕ್ಕೆ ಹಾಕಿ, ಬೆನ್ನ ಹಿಂದೆ ಮತ್ತು ಎರಡೂ ಪಕ್ಕ ತಲೆಗಿಂತ ಒಂದಡಿ ಮೇಲಿನಿಂದ ಇಳಿಬಿಡಬೇಕು. ಗೋಡೆಗೆ ತಾಗಿಸಬಾರದು, 10 ಸೆಂ.ಮೀ. ಸಂದು ಬಿಟ್ಟರೆ ತಗ್ಗು ಸ್ಥಾಯಿಯ ದನಿಯನ್ನೂ ಚೆನ್ನಾಗಿ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕಂಬಳಿಗೆ ಬೂಷ್ಟು ಹಿಡಿಯದಿರಲೂ ಈ ಸಂದು ಬೇಕು. ಮೇಜಿನ ಮೇಲೂ ದಪ್ಪ ಟವೆಲ್ ಹಾಸಿ.

ಆಮೇಲೆ ಮೈಕನ್ನು ಬಾಯಿಂದ 15 ಸೆಂ.ಮೀ.ಗೆ ತನ್ನಿ, ನಡುವೆ ಪಾಪ್ ಫಿಲ್ಟರ್ (ಪ, ಬ ಅಕ್ಷರಗಳ ಗಾಳಿಯ ಹೊಡೆತ ತಡೆಯುವ ಪರದೆ) ಇರಲಿ. ದೂರ ಅರ್ಧವಾದರೆ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಸದ್ದು ಏರುವುದಿಲ್ಲ. ಗೇನ್ (ಮೈಕ್ ದನಿಯನ್ನು ಹಿಗ್ಗಿಸುವ ಮಟ್ಟ) ಇಳಿಸಿ, ಪೀಕ್ (ದನಿಯ ಗರಿಷ್ಠ ಮಟ್ಟ) −12ರಿಂದ −6 ಡೆಸಿಬೆಲ್ ಒಳಗಿರಲಿ. ಎಡಿಟಿಂಗ್‌ನಲ್ಲಿ 80 ಹರ್ಟ್ಸ್ ಹೈಪಾಸ್ (ಅದಕ್ಕಿಂತ ತಗ್ಗು ಸ್ಥಾಯಿಯ ಸದ್ದನ್ನು ತಗ್ಗಿಸುವ ಫಿಲ್ಟರ್) ಸಾಕು. ಕಂಪ್ರೆಸರ್ (ದನಿಯ ಏರಿಳಿತ ಕಡಿಮೆ ಮಾಡುವ ಸೌಲಭ್ಯ) ಹೆಚ್ಚು ಹಾಕಿದರೆ ಅಳಿದುಳಿದ ಪ್ರತಿಧ್ವನಿ ಮತ್ತೆ ಮೇಲೇಳುತ್ತದೆ.