ಎರಡು ಗಿಗ್ ಪೋರ್ಟ್ ಸೇರಿಸಿ ರಾತ್ರಿ ಲೋಡ್ ಗೆದ್ದಿದ್ದು: ಚಿಂತಾಮಣಿ ಕಡೆಯ ನನ್ನ ಅನುಭವ

ಮನೆಮನೆಯ ಫೈಬರ್ ಬಂದು ಸೇರುವ ಪೆಟ್ಟಿಗೆ ಓಎಲ್‌ಟಿ. ಅಲ್ಲಿಂದ ನಮ್ಮ ಚಿಂತಾಮಣಿ ರೂಮಿಗೆ ಬರುವ ಲೈನು ಅಪ್‌ಲಿಂಕ್. ಟೆನ್ ಗಿಗ್ (ಸೆಕೆಂಡಿಗೆ ಹತ್ತು ಗಿಗಾಬಿಟ್) ಅಪ್‌ಲಿಂಕ್ ಇಲ್ಲದ ಹಳೆಯ ಓಎಲ್‌ಟಿಯನ್ನು ಗುಜರಿಗೆ ಹಾಕಬೇಕಿಲ್ಲ. ಒಂದೊಂದು ಗಿಗ್‌ನ ಎರಡು ಪೋರ್ಟ್ ಸೇರಿಸಿ ಅದರಿಂದಲೇ ಕೆಲಸ ತೆಗೆಯಬಹುದು. ಕೈವಾರದ ಕಡೆಯ ಹಳ್ಳಿಗಳಲ್ಲಿ ನಮ್ಮದು ಆರುನೂರು ಚಿಲ್ಲರೆ ಫೈಬರ್ ಇಂಟರ್ನೆಟ್ ಕನೆಕ್ಷನ್. ರಾತ್ರಿ ಎಂಟಾದರೆ ಸಾಕು, ಅದರಲ್ಲೂ ಐಪಿಎಲ್ ಇದ್ದರೆ, ಅಪ್‌ಲಿಂಕ್ ಗ್ರಾಫ್ 900 ಎಂಬಿಪಿಎಸ್ ದಾಟಿ ಅಲ್ಲೇ ಚಪ್ಪಟೆಯಾಗಿ ನಿಲ್ಲುತ್ತಿತ್ತು. ಆಮೇಲೆ ಫೋನು ಕೆಳಗಿಡುವ ಹಾಗಿರಲಿಲ್ಲ.

ಹೀಗೆ ಪೋರ್ಟ್‌ಗಳನ್ನು ಸೇರಿಸಿ ಒಂದೇ ಲಿಂಕ್‌ನಂತೆ ಬಳಸುವುದಕ್ಕೆ ಲ್ಯಾಗ್ ಅನ್ನುತ್ತಾರೆ. ಶಿಡ್ಲಘಟ್ಟದಲ್ಲಿ ಇದೇ ಕೆಲಸ ಮಾಡುವ ಗೆಳೆಯರೊಬ್ಬರು, "ಅಣ್ಣ, ಲ್ಯಾಗ್ ಏನಿದ್ರೂ ಬ್ಯಾಕಪ್‌ಗೆ. ಸ್ಪೀಡ್ ಬರಲ್ಲ. ಹೊಸ ಓಎಲ್‌ಟಿ ತಗೊಳ್ಳಿ" ಅಂದರು. ಡೀಲರ್ ಹೇಳಿದ್ದೂ ಅದನ್ನೇ. ಓಎಲ್‌ಟಿ, ಟೆನ್ ಗಿಗ್ ಮಾಡ್ಯೂಲ್, ಅದಕ್ಕೆ ಹೊಂದುವ ಸ್ವಿಚ್ ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಕೊಟೇಶನ್ ಬಂತು. ನಾನು ಒಪ್ಪಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಸ್ವಿಚ್ ಏಳು ಸಾವಿರದ ಆಸುಪಾಸಿಗೆ ಸಿಕ್ಕಿತು. ಒಂದೇ ಫೈಬರ್ ಎಳೆಯಲ್ಲಿ (ಕೋರ್) ಎರಡೂ ದಿಕ್ಕಿಗೆ ಓಡುವ ಎಸ್‌ಎಫ್‌ಪಿ ಮಾಡ್ಯೂಲ್ ಜೋಡಿಗಳು, ಎಳೆ ಬೆಸೆಯುವ (ಸ್ಪ್ಲೈಸಿಂಗ್) ಕೂಲಿ ಸೇರಿದರೂ ಹದಿನೈದು ಸಾವಿರ ದಾಟಲಿಲ್ಲ.

ಸುಮ್ನೆ ಎರಡನೇ ಕೇಬಲ್ ಚುಚ್ಚಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಸ್ವಿಚ್‌ನಲ್ಲಿ ಲೂಪ್ ತಡೆಯುವ ಎಸ್‌ಟಿಪಿ ಒಂದು ಪೋರ್ಟ್ ಬ್ಲಾಕ್ ಮಾಡುತ್ತದೆ, ಇಲ್ಲವಾದರೆ ಲೂಪ್, ಪ್ಯಾಕೆಟ್‌ಗಳು ಸುತ್ತುತ್ತಲೇ ಇರುತ್ತವೆ. ಹಾಗಾಗಿ ಮೊದಲು ಸ್ಟ್ಯಾಟಿಕ್ ಲ್ಯಾಗ್ ಹಾಕಿದೆ, ಅಂದರೆ ಎರಡು ತುದಿ ಒಂದನ್ನೊಂದು ವಿಚಾರಿಸದೆ ಸೇರಿಸಿದ್ದು. ಆಗ ಒಂದು ಕೋರ್ ಇನ್ನೂ ಮೀಡಿಯಾ ಕನ್ವರ್ಟರ್ (ಫೈಬರನ್ನು ಈಥರ್ನೆಟ್ ಕೇಬಲ್‌ಗೆ ಬದಲಿಸುವ ಡಬ್ಬಿ) ಮೇಲಿತ್ತು. ರಸ್ತೆ ಕೆಲಸದ ಜೆಸಿಬಿ ಆ ಕೇಬಲ್ ಕಿತ್ತಿತು. ಫೈಬರ್ ಸತ್ತರೂ ಕನ್ವರ್ಟರ್‌ನ ಈಥರ್ನೆಟ್ ಲೈಟ್ ಹಸಿರಾಗೇ ಇತ್ತು. ಓಎಲ್‌ಟಿ ಲೆಕ್ಕದಲ್ಲಿ ಲಿಂಕ್ ಅಪ್. ಅರ್ಧ ಗಿರಾಕಿಗಳ ಅಪ್‌ಲೋಡನ್ನು ಅದು ಸತ್ತ ಲೈನಿಗೇ ಸುರಿಯುತ್ತಿತ್ತು. ಒಂದೇ ಬೀದಿಯಲ್ಲಿ ಒಂದು ಮನೆಗೆ ನೆಟ್ ಇದೆ, ಪಕ್ಕದ ಮನೆಗೆ ಇಲ್ಲ!

ಅವತ್ತೇ ಎಲ್‌ಎಸಿಪಿಗೆ ಬದಲಾಯಿಸಿದೆ. ಇದರಲ್ಲಿ ಎರಡೂ ತುದಿ ಆಗಾಗ ಸಂದೇಶ ಕಳಿಸಿಕೊಂಡು ಲಿಂಕ್ ಜೀವಂತ ಇದೆಯಾ ಅಂತ ನೋಡುತ್ತವೆ. ಆ ಕಡೆಯಿಂದ ಎಲ್‌ಎಸಿಪಿ ಪ್ಯಾಕೆಟ್ ಬರದಿದ್ದರೆ ಪೋರ್ಟ್ ತಾನೇ ಗುಂಪಿನಿಂದ ಹೊರಗೆ ಬರುತ್ತದೆ. ಸ್ಲೋ ಟೈಮರ್‌ನಲ್ಲಿ ಅದಕ್ಕೆ 90 ಸೆಕೆಂಡ್ ಬೇಕು, ಫಾಸ್ಟ್‌ನಲ್ಲಿ 3. ಫಾಸ್ಟ್ ಇಡಿ. ಎರಡೂ ಕಡೆ ಪ್ಯಾಸಿವ್ (ತಾನಾಗಿ ಮಾತು ಶುರು ಮಾಡದ ಸೆಟ್ಟಿಂಗ್) ಇದ್ದರೆ ಲ್ಯಾಗ್ ಏಳುವುದೇ ಇಲ್ಲ, ಒಂದು ಕಡೆಯಾದರೂ ಆಕ್ಟಿವ್ ಇರಲಿ.

ಇಷ್ಟೆಲ್ಲ ಆದರೂ ಸ್ಪೀಡ್ ಇಲ್ಲ. ಒಂದು ಪೋರ್ಟ್ ತುಂಬಿ ತುಳುಕುತ್ತಿದೆ, ಇನ್ನೊಂದು ಖಾಲಿ. ಎಲ್ಲರೂ ಕೈಬಿಡುವುದು ಇಲ್ಲೇ. ಓಎಲ್‌ಟಿಯಲ್ಲಿ ಹ್ಯಾಶ್ (ಯಾವ ಪ್ಯಾಕೆಟ್ ಯಾವ ಲಿಂಕಿಗೆ ಅಂತ ಹಂಚುವ ಲೆಕ್ಕ) ಬದಲಿಸಿ, ಏನೂ ಆಗಲಿಲ್ಲ ಅನ್ನುತ್ತಾರೆ. ಆಗುವುದಾದರೂ ಹೇಗೆ? ಯಾವ ಲಿಂಕ್‌ನಲ್ಲಿ ಕಳಿಸಬೇಕು ಅಂತ ತೀರ್ಮಾನ ಮಾಡುವುದು ಕಳಿಸುವ ತುದಿ. ಓಎಲ್‌ಟಿ ಅಪ್‌ಲೋಡನ್ನು ಮಾತ್ರ ಹಂಚುತ್ತದೆ. ಡೌನ್‌ಲೋಡ್ ಹಂಚುವುದು ಚಿಂತಾಮಣಿ ರೂಮಿನಲ್ಲಿರುವ ಸ್ವಿಚ್. ಅದರಲ್ಲಿ ಸೋರ್ಸ್ ಮ್ಯಾಕ್ ಹ್ಯಾಶ್ ಇತ್ತು, ಅಂದರೆ ಕಳಿಸುವ ಸಾಧನದ ಹಾರ್ಡ್‌ವೇರ್ ವಿಳಾಸ (ಮ್ಯಾಕ್) ನೋಡಿ ಹಂಚುವುದು. ಡೌನ್‌ಲೋಡ್‌ನಲ್ಲಿ ಸೋರ್ಸ್ ಯಾವಾಗಲೂ ನಮ್ಮ ರೌಟರ್ ಒಂದೇ, ಅಲ್ವಾ? ಐಪಿ ಹ್ಯಾಶ್ ಇಟ್ಟರೂ ಉಪಯೋಗವಿಲ್ಲ, ಪಿಪಿಪಿಒಇ (ಗಿರಾಕಿ ಲಾಗಿನ್ ಆಗುವ ವ್ಯವಸ್ಥೆ) ಒಳಗಿನ ಐಪಿಯನ್ನು ನನ್ನ ಸ್ವಿಚ್ ನೋಡುವುದಿಲ್ಲ. ಸೋರ್ಸ್ ಡೆಸ್ಟಿನೇಶನ್ ಮ್ಯಾಕ್ ಎರಡನ್ನೂ ಸೇರಿಸಿದ ಹ್ಯಾಶ್ ಹಾಕಿದೆ. ಗ್ರಾಫ್ ಕೂಡಲೇ ಎರಡಾಗಿ ಒಡೆಯಿತು. ರೌಟರ್‌ನಿಂದ ಸ್ವಿಚ್‌ಗೂ ಹೀಗೇ ಎರಡು ಪೋರ್ಟ್ ಬಾಂಡಿಂಗ್ ಮಾಡಿ ಸೇರಿಸಿದ್ದೇನೆ, ಹ್ಯಾಶ್ ಲೇಯರ್ 2, ಅಂದರೆ ಮ್ಯಾಕ್ ನೋಡುವಂಥದ್ದು.

ಆದರೂ ಎಪ್ಪತ್ತು ಮೂವತ್ತರ ಹಂಚಿಕೆ. ಕಾರಣ ಹುಡುಕಿ ಮ್ಯಾಕ್ ಪಟ್ಟಿ ತೆಗೆದು ನೋಡಿದೆ. ಒಂದೇ ಲಾಟ್‌ನಲ್ಲಿ ತಂದ ಓಎನ್‌ಟಿಗಳ (ಗಿರಾಕಿ ಮನೆಯ ಫೈಬರ್ ಪೆಟ್ಟಿಗೆ) ಮ್ಯಾಕ್ ಕೊನೆಯಲ್ಲಿ 0, 4, 8, ಸಿ (ಅಂದರೆ 12) ಅಷ್ಟೇ. ಎಲ್ಲ ಸಮಸಂಖ್ಯೆ. ಎರಡು ಲಿಂಕ್ ಇದ್ದಾಗ ನನ್ನ ಸ್ವಿಚ್‌ನ ಹ್ಯಾಶ್ ನೋಡುವುದು ಕೊನೆಯ ಬಿಟ್ (ಸಮವೋ ಬೆಸವೋ), ಹಾಗಾಗಿ ಆ ಲಾಟ್ ಪೂರ್ತಿ ಒಂದೇ ಲಿಂಕಿಗೆ ಬಿದ್ದಿತ್ತು. ಒಂದೂ ಓಎನ್‌ಟಿ ಬದಲಿಸದೆ, ಪೈಸೆ ಖರ್ಚಿಲ್ಲದೆ ಅದನ್ನು ಸರಿ ಮಾಡಿದೆ. ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ. ಸುಳಿವು ಬೇಕಾದರೆ ಇಷ್ಟು ಹೇಳುತ್ತೇನೆ: ಬದಲಾಗಬೇಕಾದ ಮ್ಯಾಕ್ ಗಿರಾಕಿಯದಲ್ಲ.

ಮಧ್ಯದಲ್ಲಿ ಮೈಕ್ರೋಟಿಕ್ ರೌಟರ್ ಎರಡು ಇಟ್ಟುಕೊಂಡು ಬ್ಯಾಲೆನ್ಸ್ ಆರ್‌ಆರ್ (ಪ್ಯಾಕೆಟ್‌ಗಳನ್ನು ಸರದಿಯಂತೆ ಎರಡೂ ಲಿಂಕಿಗೆ ಹಂಚುವುದು) ಕೂಡ ಪ್ರಯತ್ನಿಸಿದೆ. ಒಂದೇ ಡೌನ್‌ಲೋಡ್‌ಗೆ ಎರಡೂ ಲಿಂಕ್ ಸಿಗುತ್ತದಾ ನೋಡೋಣ ಅಂತ. ಪ್ಯಾಕೆಟ್ ಕ್ರಮ ಲೆಕ್ಕಿಸದ ಯುಡಿಪಿ ಟೆಸ್ಟ್‌ನಲ್ಲಿ ಚೆನ್ನಾಗಿ ಕಂಡಿತು. ಕ್ರಮ ಬೇಡುವ ಟಿಸಿಪಿಯಲ್ಲಿ ಪ್ಯಾಕೆಟ್‌ಗಳು ಹಿಂದೆ ಮುಂದೆ ಬಂದು ಸ್ಪೀಡ್ ಒಂದು ಲಿಂಕ್‌ಗಿಂತ ಕಡಿಮೆಯಾಯಿತು. ಬಿಟ್ಟುಬಿಟ್ಟೆ. ಒಬ್ಬನೇ ಗಿರಾಕಿಗೆ ಒಂದು ಗಿಗ್‌ಗಿಂತ ಜಾಸ್ತಿ ಬರಲ್ಲ ಅನ್ನುವುದು ನಿಜ, ಆದರೆ ನಮ್ಮ ದೊಡ್ಡ ಪ್ಲಾನ್ ಇರುವುದೇ 200 ಎಂಬಿಪಿಎಸ್.

ಈಗ ಪೀಕ್‌ನಲ್ಲಿ ಒಂದು ಪೋರ್ಟ್ 750, ಇನ್ನೊಂದು 700ರ ಹತ್ತಿರ. ಶಿಡ್ಲಘಟ್ಟದ ಗೆಳೆಯರು ಬಂದು ಗ್ರಾಫ್ ನೋಡಿ, ಕಾನ್ಫಿಗ್ ಬರೆದುಕೊಂಡು ಹೋದರು. ಮುಂದೆ ಲೋಡ್ ಏರಿದರೆ ಮೂರು ಲಿಂಕ್ ಮಾಡಲ್ಲ. ಎಂಟು ಭಾಗ ಮಾಡಿ ಹಂಚುವ ಸ್ವಿಚ್‌ಗಳಲ್ಲಿ ಮೂರಕ್ಕೆ 3, 3, 2 ಅಂತ ಬೀಳುತ್ತದೆ. ನಾಲ್ಕಾದರೆ ಸಮ. ಅದಕ್ಕೇ ಇನ್ನೆರಡು ಕೋರ್ ಈಗಲೇ ಸ್ಪ್ಲೈಸ್ ಮಾಡಿಸಿ ಇಟ್ಟಿದ್ದೇನೆ.